ಅತ್ತೆ ಕಟ್ಟಿದ ಗಂಟು

ಮಾರ್ಚ್ 4, ಮಂಗಳವಾರ

ಇದು ಅವರ ನೋಟ್‌ಬುಕ್ಕು. ಪ್ರತಿ ಪ್ರದರ್ಶನ ಮುಗಿದ ಮೇಲೆ ನಾನು ಎಷ್ಟು ಹೊತ್ತಿನಲ್ಲಿ ಕಟ್ಟು ಬಿಡಿಸಿಕೊಂಡು ಹೊರಗೆ ಬಂದೆ ಎಂದು ನನ್ನ ಗಂಡ ಇದರಲ್ಲಿ ಬರೆದಿಡುತ್ತಿದ್ದರು. ಹಗ್ಗ, ನಾಲ್ಕು ನಿಮಿಷ ಹತ್ತು ಸೆಕೆಂಡು. ಸರಪಳಿ, ಆರೂವರೆ ನಿಮಿಷ. ಗೋಣಿಚೀಲ, ಮೂರಕ್ಕೆ ಸ್ವಲ್ಪ ಕಡಿಮೆ. ಕೊನೆಯ ಸಾಲು ಹೋದ ವರ್ಷ ಜೂನ್ ಎಂಟರದ್ದು. ಜೂನ್ ಹನ್ನೊಂದಕ್ಕೆ ಬಸ್ಸಿಗೆ ಕಾಯುತ್ತ ನಿಂತಿದ್ದವರು ಹಾಗೇ ಕುಸಿದು ಹೋಗಿಬಿಟ್ಟರು. ಎದೆನೋವು ಎನ್ನುವಷ್ಟು ಪುರುಸೊತ್ತೂ ಸಿಗಲಿಲ್ಲವಂತೆ. ಆಮೇಲಿನ ಹಾಳೆಗಳೆಲ್ಲ ಖಾಲಿ. ಬೀರು ಒರೆಸುವಾಗ ಸಿಕ್ಕಿತು. ಖಾಲಿ ಬಿಡುವುದೇಕೆ ಎಂದು ಬರೆಯುತ್ತಿದ್ದೇನೆ. ಬರೆಯುವಂಥದ್ದು ಏನಿದೆ ಎನ್ನುವುದು ಬೇರೆ ಮಾತು.

ಈಗ ನನಗೆ ಮನೆ ಸಾಮಾನು ಸಾಗಿಸುವ ಲಾರಿಯಲ್ಲಿ ಕೆಲಸ. ಇವತ್ತು ಒಂದೇ ಮನೆ. ನಾಲ್ಕನೇ ಮಹಡಿಯಿಂದ ಒಂದು ಫ್ರಿಜ್ಜು, ಎರಡು ಬೀರು, ಕಲ್ಲಿನ ಮೇಲುಹಾಸಿನ ಒಂದು ಮೇಜು ಇಳಿಸಿದೆ. ಫ್ರಿಜ್ಜನ್ನು ಬೆನ್ನ ಮೇಲೆ ಹೊತ್ತದ್ದು ನೋಡಿ ಆ ಮನೆಯ ಯಜಮಾನರು, "ಅಲ್ಲಾ, ಹೆಂಗಸಲ್ಲವಾ ಇವರು?" ಎಂದರು. ಲಾರಿಯ ಡ್ರೈವರ್, "ಹೌದಂತೆ ಸಾರ್. ನಮಗೂ ಅನುಮಾನ ಇತ್ತು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ.

ಮನೆಗೆ ಬಂದೆ. ಊಟ ಮಾಡಿದೆ.

ಮಾರ್ಚ್ 6, ಗುರುವಾರ

ಮಧ್ಯಾಹ್ನ ಲಾರಿ ತುಂಬುವಾಗ ಅತ್ತೆ ಇರುವ ಹೋಮ್‌ನಿಂದ ಫೋನು. ಮೇಟ್ರನ್ ಮಾತಾಡಿದರು.

"ನಿಮ್ಮ ಅತ್ತೆ ಮಂಚಕ್ಕೆ ಕಟ್ಟಿದ ಪಟ್ಟಿ ಮತ್ತೆ ಬಿಚ್ಚಿಕೊಂಡಿದ್ದಾರೆ."

"ಎಲ್ಲಿದ್ದಾರೆ ಈಗ?"

"ಈಗ ಮಂಚದ ಮೇಲೇ ಇದ್ದಾರೆ. ನಾವು ನೋಡಿದಾಗ ಕಾರಿಡಾರ್‌ನಲ್ಲಿ ನೆಲದ ಮೇಲೆ ಕೂತಿದ್ದರು. ಮೊಣಕೈ ತರಚಿದೆ. ಇದು ಮೂರನೇ ಸಲ. ನೀವೊಮ್ಮೆ ಬಂದು ಮಾತಾಡಬೇಕು."

ಆಯ್ತು ಎಂದೆ.

ಅತ್ತೆಗೆ ಎಪ್ಪತ್ತಮೂರು. ಮಗ ಹೋದ ಎರಡು ತಿಂಗಳಿಗೆ ಅವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು, ಅರ್ಧ ಬಾಯಿ ಹೋದವು. ಊರಾಚೆಯ ಈ ಹೋಮ್ ಹುಡುಕಿದ್ದು ಬೇರೆ ಊರಿನಲ್ಲಿರುವ ನನ್ನ ನಾದಿನಿ. "ಅತ್ತಿಗೆ, ನಿಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ನೀವು ಹಗಲೆಲ್ಲ ಕೆಲಸಕ್ಕೆ ಹೋಗ್ತೀರಿ. ಅಮ್ಮನ್ನ ಯಾರು ನೋಡ್ಕೊಳ್ತಾರೆ?" ಎಂದಿದ್ದಳು. ನಾನು ಆಯ್ತು ಎಂದಿದ್ದೆ. ಅತ್ತೆಯನ್ನು ಕೇಳಿದಾಗ ಅವರೂ ಆಯ್ತು ಎಂದರು. ಆ ದಿನಗಳಲ್ಲಿ ಯಾರು ಏನು ಕೇಳಿದರೂ ನಮ್ಮಿಬ್ಬರ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು.

ಮಾರ್ಚ್ 9, ಭಾನುವಾರ

ಹೋಮ್‌ಗೆ ಹೋಗಿದ್ದೆ. ಅತ್ತೆಯ ಕೋಣೆಯಲ್ಲಿ ಎರಡು ಮಂಚ. ಕಿಟಕಿ ಪಕ್ಕದ್ದರಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಸೊಂಟದ ಮೂಳೆ ಮುರಿದು ಆರು ತಿಂಗಳಾದರೂ ಹಾಸಿಗೆ ಬಿಟ್ಟೆದ್ದಿಲ್ಲ. ನಾನು ಒಳಗೆ ಹೋದ ತಕ್ಷಣ ಕೈಗಡಿಯಾರ ತೋರಿಸಿದರು.

"ಹನ್ನೊಂದು ನಿಮಿಷ ಕಣಮ್ಮ. ಬರೀ ಬಲಗೈಯಲ್ಲಿ! ಮೊದಲ ಸಲ ಇಪ್ಪತ್ತೈದು ತೊಗೊಂಡಿದ್ದರು. ನಾನೇ ಟೈಮ್ ನೋಡಿದ್ದು."

ಅತ್ತೆ ಏನೂ ಅರಿಯದವರ ಹಾಗೆ ಸೂರು ನೋಡುತ್ತಿದ್ದರು.

ಈ ಹೋಮ್‌ನಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕೆಲಸದವರ ಊಟ, ವಿಶ್ರಾಂತಿ. ಆ ಹೊತ್ತಿನಲ್ಲಿ ಎದ್ದು ಬೀಳುವ ಭಯವಿರುವವರನ್ನು ಮಂಚಕ್ಕೆ ಪಟ್ಟಿ ಹಾಕಿ ಮಲಗಿಸುತ್ತಾರೆ. ಅತ್ತೆಗೂ ಹಾಕಿದರು. ಯಾರಿಗೆ ಹಾಕುತ್ತಿದ್ದೇವೆ ಎಂದು ಅವರಿಗೆ ಗೊತ್ತಿರಲಿಲ್ಲ.

ಅತ್ತೆಯ ಬಗ್ಗೆ ಇಲ್ಲಿ ಬರೆದಿಡುತ್ತೇನೆ. ಇಪ್ಪತ್ತನೇ ವಯಸ್ಸಿಗೇ ಕಬ್ಬಿಣದ ಸರಳನ್ನು ಹಲ್ಲಿನಲ್ಲಿ ಕಚ್ಚಿ ಬಗ್ಗಿಸುತ್ತಿದ್ದರು. ಉದ್ದ ಬೆಂಚಿನ ಮೇಲೆ ಆರು ಜನ ಗಂಡಸರನ್ನು ಕೂರಿಸಿ ಹೆಗಲ ಮೇಲೆ ಎತ್ತುತ್ತಿದ್ದರು. ಜಡೆಗೆ ಹಗ್ಗ ಕಟ್ಟಿ ಬಸ್ಸು ಎಳೆದಿದ್ದಾರೆ. ಸರಪಳಿ ಬಿಚ್ಚಿಕೊಳ್ಳುವುದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಒಂದು ಚೀಲ ತುಂಬ ಹಳೇ ಬೀಗ ತಂದು ಒಂದೊಂದನ್ನೇ ಬಿಚ್ಚಿ ನೋಡಿ ಕಲಿತರು. ನಾನು ಹತ್ತಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದವಳು. ಗಿರಣಿಯ ಅಂಗಳಕ್ಕೆ ಪ್ರದರ್ಶನ ಕೊಡಲು ಬಂದವರು, ನಾನು ಎರಡು ಕಂಕುಳಲ್ಲಿ ಎರಡು ಮೂಟೆ ಇಟ್ಟುಕೊಂಡು ಮೆಟ್ಟಿಲು ಹತ್ತುವುದನ್ನು ನೋಡಿ ಆಟ ನಿಲ್ಲಿಸಿ ಮಗನನ್ನು ಕರೆದರಂತೆ. "ಇವಳನ್ನ ಮದುವೆ ಆಗ್ತೀಯೇನೋ? ಕೇಳು ಹೋಗು. ಇವಳು ಸಿಕ್ಕರೆ ನನಗೆ ನೀನಿಲ್ಲದೆಯೂ ನಡೆಯುತ್ತೆ." ಇದನ್ನು ಹೇಳಿ ಹೇಳಿ ನನ್ನ ಗಂಡ ನಗುತ್ತಿದ್ದರು.

ಆಮೇಲೆ ನಮ್ಮ ಆಟ ಒಂದಾಯಿತು. ಅತ್ತೆ ನನ್ನನ್ನು ಕಟ್ಟುತ್ತಿದ್ದರು, ನಾನು ಬಿಚ್ಚಿಕೊಂಡು ಬರುತ್ತಿದ್ದೆ. ಅವರು ಮೈಕ್ ಹಿಡಿದು, "ಮನೆಮನೆಯಲ್ಲೂ ಅತ್ತೆ ಸೊಸೆಯನ್ನ ಕಟ್ಟಿಹಾಕೋದನ್ನ ನೋಡಿದ್ದೀರಿ! ಸೊಸೆ ಬಿಚ್ಚಿಕೊಂಡು ಬರೋದನ್ನ ಇಲ್ಲಿ ಮಾತ್ರ ನೋಡಿ!" ಎಂದು ಕೂಗುತ್ತಿದ್ದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ಹೆಂಗಸರು ಮುಂದಿನ ಸಾಲಿಗೇ ಬಂದು ಕೂರುತ್ತಿದ್ದರು. ಇಪ್ಪತ್ತೆರಡು ವರ್ಷ.

ಅತ್ತೆಯನ್ನು ಕೇಳಿದೆ, "ಯಾಕೆ ಬಿಚ್ಚಿಕೊಳ್ತೀರಿ? ಬಿದ್ದರೆ?"

ತೊದಲುತ್ತ ಹೇಳಿದರು, "ಬೇಜಾರು ಕಣೇ."

ಉಗುರು ಕತ್ತರಿಸಿಕೊಟ್ಟೆ. ಹೊರಟೆ.

ಮಾರ್ಚ್ 11, ಮಂಗಳವಾರ

ಎರಡು ಮನೆ. ಎರಡನೆಯದರಲ್ಲಿ ಪುಸ್ತಕಗಳೇ ನಲವತ್ತು ಪೆಟ್ಟಿಗೆ.

ಬರೆಯಲು ಏನೂ ಇಲ್ಲ.

ಮಾರ್ಚ್ 13, ಗುರುವಾರ

ಕೆಲಸದಿಂದ ಬೇಗ ಬಿಡಿಸಿಕೊಂಡು ಹೋಮ್‌ಗೆ ಹೋದೆ. ಮೇಟ್ರನ್ ಕೆಟ್ಟವರಲ್ಲ. ಸುಸ್ತಾದ ಹೆಂಗಸು. ಕಾಲು ಊದಿಕೊಂಡಿತ್ತು, ಚಪ್ಪಲಿ ಬಿಟ್ಟು ಕೂತಿದ್ದರು.

"ನೋಡಿ, ಬಕಲ್ ಇರೋ ಪಟ್ಟಿ ಹಾಕಿದ್ವಿ, ಬಿಚ್ಚಿದರು. ಬ್ಯಾಂಡೇಜ್ ಬಟ್ಟೆಯಲ್ಲಿ ಕಟ್ಟಿದ್ವಿ, ಅದನ್ನೂ ಬಿಚ್ಚಿದರು. ಗಂಟು ಕೈಗೆ ಸಿಗಬಾರದು ಅಂತ ಮಂಚದ ಕೆಳಗೆ ಹಾಕಿದ್ವಿ. ಹೇಗೆ ಬಿಚ್ಚಿದರೋ ಆ ದೇವರಿಗೇ ಗೊತ್ತು. ಬಟ್ಟೇನ ನೀಟಾಗಿ ಮಡಚಿ ದಿಂಬಿನ ಮೇಲೆ ಬೇರೆ ಇಟ್ಟಿದ್ದರು."

ಮಡಚಿ ಇಡುವುದು ನಮ್ಮ ಆಟದ ಕೊನೆಯ ಭಾಗ. ಹಗ್ಗವನ್ನು ಸುರುಳಿ ಸುತ್ತಿ ಅತ್ತೆಯ ಕೈಗೆ ಕೊಟ್ಟು ನಮಸ್ಕಾರ ಮಾಡುತ್ತಿದ್ದೆ. ಅದನ್ನು ಮೇಟ್ರನ್‌ಗೆ ಹೇಳಲಿಲ್ಲ.

"ಇನ್ನೊಂದು ಸಲ ಬಿದ್ದರೆ ಮೂಳೆ ಮುರಿಯುತ್ತೆ. ಆಮೇಲೆ ನಾವು ಇಟ್ಟುಕೊಳ್ಳೋಕೆ ಆಗಲ್ಲ. ಇಲ್ಲಾಂದ್ರೆ ಡಾಕ್ಟರು ಮಧ್ಯಾಹ್ನ ಮಾತ್ರೆ ಕೊಟ್ಟು ಮಲಗಿಸಿ ಅಂತಾರೆ. ಆ ಮಾತ್ರೆ ಶುರು ಮಾಡಿದರೆ ಪೂರ್ತಿ ದಿನ ಮಂಪರಿನಲ್ಲೇ ಇರ್ತಾರೆ. ಅದು ನನಗಿಷ್ಟ ಇಲ್ಲ." ಊದಿದ ಕಾಲು ಉಜ್ಜಿಕೊಳ್ಳುತ್ತ ಕೇಳಿದರು, "ಟೀಚರ್ ಹೇಳಿದರು, ನೀವೂ ಅದೇ ಕಸುಬಿನವರಂತೆ. ಅವರಿಗೆ ಬಿಚ್ಚೋಕೆ ಆಗದ ಗಂಟು ನಿಮಗೆ ಗೊತ್ತಿರಬೇಕಲ್ಲ?"

ಗೊತ್ತು ಎಂದೆ.

"ಹಾಗಾದರೆ ಭಾನುವಾರ ಬಂದು ಒಂದು ಸಲ ಕಟ್ಟಿ ತೋರಿಸಿಕೊಡಿ. ನಮ್ಮ ಹುಡುಗಿಯರು ನೋಡಿ ಕಲೀತಾರೆ."

ಆಯ್ತು ಎಂದೆ.

ಮಾರ್ಚ್ 14, ಶುಕ್ರವಾರ

ನಾದಿನಿಗೆ ಫೋನ್ ಮಾಡಿ ಹೇಳಿದೆ. "ಕಟ್ಟಿಬಿಡಿ ಅತ್ತಿಗೆ. ಮಾತ್ರೆಗಿಂತ ವಾಸಿ ಅಲ್ವಾ" ಎಂದಳು. ಆಮೇಲೆ ಅತ್ತಳು. ನಾನು ಫೋನ್ ಹಿಡಿದುಕೊಂಡು ಅವಳ ಅಳು ಮುಗಿಯುವವರೆಗೆ ಕಾದೆ.

ಮಾರ್ಚ್ 16, ಭಾನುವಾರ

ಕಟ್ಟಿದೆ.

ಮೇಟ್ರನ್, ಇಬ್ಬರು ನರ್ಸ್ ಹುಡುಗಿಯರು ನಿಂತು ನೋಡುತ್ತಿದ್ದರು. ಟೀಚರ್ ಗೋಡೆಗೆ ಮುಖ ತಿರುಗಿಸಿ ಮಲಗಿದ್ದರು. ಮೆತ್ತನೆಯ ಹತ್ತಿ ಹಗ್ಗ ತಂದಿದ್ದೆ, ಚರ್ಮಕ್ಕೆ ತರಚದಂಥದ್ದು. ಸೊಂಟಕ್ಕೆ ಒಂದು, ಬಲ ಮಣಿಕಟ್ಟಿಗೆ ಒಂದು. ಎಡಗೈಗೆ ಬೇಕಾಗಿರಲಿಲ್ಲ.

ಇದನ್ನು ಬರೆದಿಡಬೇಕು. ಅತ್ತೆ ನನ್ನನ್ನು ಕಟ್ಟುತ್ತಿದ್ದ ಗಂಟು ನೋಡುವವರಿಗೆ ಭಯಂಕರವಾಗಿ ಕಾಣುತ್ತಿತ್ತು. ಮಂಡಿಯೂರಿ, ಹಲ್ಲು ಕಚ್ಚಿ, ನನ್ನ ಬೆನ್ನಿಗೆ ಪಾದ ಒತ್ತಿ ಎಳೆಯುತ್ತಿದ್ದರು. ಜನ ಅಯ್ಯೋ ಎನ್ನುತ್ತಿದ್ದರು. ಆದರೆ ಮಣಿಕಟ್ಟಿನ ಎರಡನೇ ಸುತ್ತಿನಲ್ಲಿ ಹೆಬ್ಬೆರಳು ತೂರುವಷ್ಟು ಸಡಿಲು ಬಿಡುತ್ತಿದ್ದರು. ಯಾರ ಕಣ್ಣಿಗೂ ಬೀಳದ ಹಾಗೆ ತಮ್ಮ ಬೆರಳನ್ನೇ ಒಳಗಿಟ್ಟು ಬಿಗಿದು, ಆಮೇಲೆ ಬೆರಳು ಎಳೆದುಕೊಳ್ಳುತ್ತಿದ್ದರು. ಆ ಜಾಗ ಸಿಕ್ಕರೆ ಮಿಕ್ಕಿದ್ದೆಲ್ಲ ನನ್ನ ಕೆಲಸ. ಸಿಗದಿದ್ದರೆ ನನ್ನ ಕೈಯಲ್ಲೇನು, ಯಾರ ಕೈಯಲ್ಲೂ ಆಗುವುದಿಲ್ಲ. ಅತ್ತೆ ಸಡಿಲು ಬಿಡಲು ಮರೆತದ್ದು ನನಗೆ ಗೊತ್ತಿಲ್ಲ. ಮದುವೆಯಾದ ಹೊಸತರಲ್ಲಿ ನಮ್ಮಿಬ್ಬರಿಗೂ ವಾರಗಟ್ಟಲೆ ಮಾತಿರುತ್ತಿರಲಿಲ್ಲ. ಆಗಲೂ ಸಡಿಲು ಇರುತ್ತಿತ್ತು.

ನಾನು ಅದೇ ಗಂಟು ಹಾಕಿದೆ. ಬೆರಳು ಒಳಗಿಡಲಿಲ್ಲ.

ಕಟ್ಟಿ ಮುಗಿಸಿದ ಮೇಲೆ ಅತ್ತೆಯ ಹೆಬ್ಬೆರಳು ತಾನಾಗಿಯೇ ಮಡಚಿಕೊಂಡು ಎರಡನೇ ಸುತ್ತಿನ ಕೆಳಗೆ ಹೋಯಿತು. ಹುಡುಕಿತು. ಈ ಪಕ್ಕ, ಆ ಪಕ್ಕ. ಆಮೇಲೆ ನಿಂತಿತು. ಅತ್ತೆ ನನ್ನ ಮುಖ ನೋಡಿದರು.

"ಚೆನ್ನಾಗಿ ಕಟ್ಟಿದೀಯ" ಎಂದರು.

ನರ್ಸ್ ಹುಡುಗಿಯರಿಗೆ ಅವರ ಮಾತು ಅರ್ಥವಾಗಲಿಲ್ಲ. ಏನಂದರು ಎಂದು ಕೇಳಿದರು. ಏನಿಲ್ಲ ಎಂದೆ. ಅವರಿಗೆ ಇನ್ನೆರಡು ಸಲ ಕಟ್ಟಿ ತೋರಿಸಿದೆ, ನೀರಿನ ಬಾಟಲಿಗೆ. ಬೇಗ ಕಲಿತರು.

ಬಸ್ಸಿನಲ್ಲಿ ಬಂದೆ. ಜಾಗ ಇತ್ತು, ಕೂತೇ ಬಂದೆ.

ಮಾರ್ಚ್ 19, ಬುಧವಾರ

ಮೇಟ್ರನ್ ಫೋನ್ ಮಾಡಿದ್ದರು. "ಈಗ ಏನೂ ತೊಂದರೆ ಇಲ್ಲ. ತುಂಬ ಶಾಂತವಾಗಿದ್ದಾರೆ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

ಮಧ್ಯಾಹ್ನ ಲಾರಿಗೆ ಹಗ್ಗ ಬಿಗಿದವಳು ನಾನೇ. ಇಳಿಸುವ ಜಾಗದಲ್ಲಿ ಡ್ರೈವರ್ ಅರ್ಧ ಗಂಟೆ ಒದ್ದಾಡಿದ. "ಏನಕ್ಕಾ ಇದು, ಸಾಮಾನು ಓಡಿಹೋಗುತ್ತೆ ಅಂತಾನಾ?" ಎಂದ. ಕೊನೆಗೆ ಕುಡುಗೋಲಿನಿಂದ ಕತ್ತರಿಸಿದ. ಒಳ್ಳೆಯ ಹಗ್ಗ ಹಾಳಾಯಿತು.

ಮಾರ್ಚ್ 20, ಗುರುವಾರ

ಏನೂ ಇಲ್ಲ.

ಮಾರ್ಚ್ 23, ಭಾನುವಾರ

ಅತ್ತೆ ಇಳಿದುಹೋಗಿದ್ದಾರೆ. ಒಂದು ವಾರಕ್ಕೆ ಇಷ್ಟು ಇಳಿಯಬಹುದು ಎಂದು ಗೊತ್ತಿರಲಿಲ್ಲ. ತಟ್ಟೆ ಹಾಗೇ ಇತ್ತು. ಚಮಚ ಬಾಯಿಗೆ ಹಿಡಿದೆ, ತುಟಿ ತೆರೆದರು, ನುಂಗಿದರು, ನಾಲ್ಕನೆಯದಕ್ಕೆ ಮುಖ ತಿರುಗಿಸಿದರು. ಬೈದಿದ್ದರೆ ಚೆನ್ನಾಗಿತ್ತು. ನಮ್ಮತ್ತೆ ಬೈಯುವುದರಲ್ಲಿ ಜಿಪುಣತನ ಮಾಡಿದವರಲ್ಲ.

ನರ್ಸ್ ಬಂದು ಒಂದು ಗಂಟೆಗೆ ಸರಿಯಾಗಿ ಕಟ್ಟಿ ಹೋದಳು. ಅಚ್ಚುಕಟ್ಟಾಗಿ ಕಟ್ಟಿದಳು. ಅತ್ತೆಯ ಬೆರಳು ಅಲ್ಲಾಡಲೇ ಇಲ್ಲ.

ಟೀಚರ್ ಕೈಸನ್ನೆ ಮಾಡಿ ಹತ್ತಿರ ಕರೆದರು.

"ನಿಂಗೆ ಹೇಳಬಾರದು ಅಂತ ಅವರು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಈಗ ಹೇಳ್ತೀನಿ, ಪಾಪ ಬಂದರೆ ಬರಲಿ. ನಿಮ್ಮತ್ತೆ ಮಧ್ಯಾಹ್ನ ಬಿಚ್ಚಿಕೊಂಡು ಎಲ್ಲಿಗೆ ಹೋಗ್ತಿದ್ದರು ಗೊತ್ತಾ?"

"ಕಾರಿಡಾರ್‌ಗೆ."

"ಕಾರಿಡಾರ್ ದಾಟಿ ಹಿಂದಿನ ಮೆಟ್ಟಿಲಿಗೆ. ಕಂಬಿ ಹಿಡಿದುಕೊಂಡು ಹತ್ತೋದು ಅಭ್ಯಾಸ ಮಾಡ್ತಿದ್ದರು. ಮೊದಲು ಮೂರು, ಆಮೇಲೆ ಐದು. ಕೊನೇ ದಿನ ಹದಿಮೂರು ಹತ್ತಿದ್ದರು. ಬಂದು ಬೆರಳು ಮಡಚಿ ಲೆಕ್ಕ ಹೇಳೋರು ನಂಗೆ. ನಿಮ್ಮ ಮನೆಗೆ ಅರವತ್ತೆರಡು ಅಂತೆ?"

ಹೌದು ಎಂದೆ.

"ಅರವತ್ತೆರಡು ಆದಮೇಲೆ ನಿನಗೆ ಹೇಳೋದು ಅಂತಿದ್ದರು. ಅಲ್ಲೀವರೆಗೆ ಬೇಡ ಅಂತ. ಅವಳಿಗೆ ಈಗ ಏನೂ ಹೊರೋಕೆ ಆಗ್ತಿಲ್ಲ, ನಾನೂ ಯಾಕೆ ಹೆಗಲೇರಲಿ ಅಂದರು."

ಬಸ್ಸಿಗೆ ಕಾದೆ. ಬಂದ ಬಸ್ಸು ಹತ್ತಲಿಲ್ಲ. ಎರಡನೆಯದನ್ನೂ ಬಿಟ್ಟೆ. ಯಾಕೆ ಎಂದು ಗೊತ್ತಿಲ್ಲ. ನಡೆದುಕೊಂಡೇ ಬಂದೆ, ಎರಡು ಗಂಟೆ ಹಿಡಿಯಿತು.

ಮಾರ್ಚ್ 24, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದೆ. ಮೈ ಸರಿಯಾಗಿಯೇ ಇತ್ತು.

ಬೆಳಿಗ್ಗೆ ಕೂತು ನನ್ನ ಎಡಗೈಯನ್ನು ಮಂಚದ ಕಾಲಿಗೆ ಕಟ್ಟಿಕೊಂಡೆ. ಒಂದು ಕೈ, ಹಲ್ಲು, ಅಷ್ಟೇ ಬೇಕಾಗುವುದು. ಅದೇ ಗಂಟು. ಸಡಿಲು ಬಿಡಲಿಲ್ಲ. ಹೇಗಿರುತ್ತದೆ ನೋಡೋಣ ಎಂದು.

ಆಮೇಲೆ ಬಲಗೈಯನ್ನು ಸೊಂಟಕ್ಕೆ ಒತ್ತಿಟ್ಟುಕೊಂಡು, ಎಡಗೈಯ ಬೆರಳುಗಳಿಂದ ಮಾತ್ರ ಬಿಚ್ಚಲು ನೋಡಿದೆ. ಹೆಬ್ಬೆರಳು ಎರಡನೇ ಸುತ್ತಿನ ತನಕ ಹೋಗುತ್ತದೆ. ಅಲ್ಲಿಂದ ಮುಂದೆ ಗೋಡೆ. ಹತ್ತು ನಿಮಿಷ. ಇಪ್ಪತ್ತು. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಲೇ ಇದ್ದರು, ಅದು ಶುರುವಾಗುತ್ತಿರಲಿಲ್ಲ. ನಲವತ್ತು ನಿಮಿಷ. ಕೈ ಮರಗಟ್ಟಿತು. ಬೆರಳು ಯಾರದೋ ಅನ್ನಿಸಿತು. ಬಲಗೈ ಪಕ್ಕದಲ್ಲೇ ಇತ್ತು, ಬೇಕೆಂದಾಗ ಬಿಚ್ಚಬಹುದಿತ್ತು. ಅತ್ತೆಗೆ ಅದೂ ಇಲ್ಲ. ಅದನ್ನು ಯೋಚಿಸಿದ ಮೇಲೆ ಬಲಗೈ ಉಪಯೋಗಿಸಲು ಮನಸ್ಸಾಗಲಿಲ್ಲ. ಹಾಗೇ ಕೂತಿದ್ದೆ.

ಮಧ್ಯಾಹ್ನ ಒಂದು ಗಂಟೆಗೆ ಕತ್ತರಿಸಿಕೊಂಡೆ. ಮಣಿಕಟ್ಟಿನಲ್ಲಿ ಬರೆ ಎದ್ದಿದೆ.

ಡ್ರೈವರ್‌ಗೆ ಫೋನ್ ಮಾಡಿದೆ. ನಾಳೆ ಲಾರಿ ಬೇಕು ಎಂದೆ.

"ಯಾರ ಮನೆ ಸಾಮಾನಕ್ಕಾ?"

"ನಮ್ಮದೇ."

ಮಾರ್ಚ್ 25, ಮಂಗಳವಾರ

ಅತ್ತೆಯನ್ನು ಕರೆದುಕೊಂಡು ಬಂದೆ.

ನಾವು ಹೋದಾಗ ಒಂದೂವರೆ. ಕಟ್ಟಿ ಆಗಿತ್ತು. ಮಂಚದ ಪಕ್ಕ ಮಂಡಿಯೂರಿ ಗಂಟು ಬಿಚ್ಚಿದೆ. ನಿನ್ನೆಯ ಬರೆ ಇನ್ನೂ ಕೆಂಪಗಿತ್ತು. ಅತ್ತೆ ನನ್ನ ಮಣಿಕಟ್ಟು ನೋಡಿದರು.

"ಯಾರು ಕಟ್ಟಿದ್ದು?"

"ನಾನೇ."

"ಎಷ್ಟು ಹೊತ್ತು?"

"ಬಿಚ್ಚೋಕೆ ಆಗಲಿಲ್ಲ."

ಅತ್ತೆ ಆ ಬರೆಯ ಮೇಲೆ ಬೆರಳಾಡಿಸಿದರು. ಆಮೇಲೆ, "ಆಗಲ್ಲ ಕಣೇ ಅದು. ನಾನು ಮಾಡಿದ ಗಂಟು" ಎಂದರು. ಧ್ವನಿಯಲ್ಲಿ ಸ್ವಲ್ಪ ಜಂಬ ಇತ್ತು.

ಮೇಟ್ರನ್ ಬಂದರು. "ಹಗಲು ಯಾರು ನೋಡ್ಕೊಳ್ತಾರೆ? ಯೋಚನೆ ಮಾಡಿದೀರಾ?" ಇಲ್ಲ ಎಂದೆ. "ಬಿದ್ದರೆ?" ಎತ್ತುತ್ತೇನೆ ಎಂದೆ. ಅವರು ನನ್ನನ್ನೂ ಅತ್ತೆಯನ್ನೂ ನೋಡಿ, ಕಾಗದದ ಮೇಲೆ ಎಲ್ಲಿ ಸಹಿ ಹಾಕಬೇಕೆಂದು ತೋರಿಸಿದರು. ಮಾತ್ರೆಗಳನ್ನು ತಾವೇ ಎಣಿಸಿ, ಯಾವುದು ಯಾವಾಗ ಎಂದು ಪೊಟ್ಟಣದ ಮೇಲೆ ಬರೆದುಕೊಟ್ಟರು. ಟೀಚರ್ ತಮ್ಮ ಕೈಗಡಿಯಾರ ಬಿಚ್ಚಿ ಅತ್ತೆಯ ಕೈಗೆ ಕಟ್ಟಲು ನೋಡಿದರು. ಅತ್ತೆ ಬೇಡ ಎಂದು ವಾಪಸ್ ಅವರ ಮಡಿಲಿಗೆ ಹಾಕಿದರು. "ನೀವು ಎದ್ದು ನಡೆಯೋಕೆ ಎಷ್ಟು ದಿನ ಬೇಕು ಅಂತ ನೋಡ್ಕೊಳ್ಳಿ" ಎಂದರು. ಮೇಟ್ರನ್‌ಗೆ ಅದನ್ನು ನಾನು ಬಿಡಿಸಿ ಹೇಳಬೇಕಾಯಿತು. ಟೀಚರ್ ಕಣ್ಣೊರೆಸಿಕೊಂಡರು.

ಮನೆಯ ಮೆಟ್ಟಿಲ ಬುಡದಲ್ಲಿ ಬೆನ್ನು ಬಗ್ಗಿಸಿ ಕೂತೆ. ಅತ್ತೆ ಹತ್ತಲಿಲ್ಲ. ಕಂಬಿ ಹಿಡಿದರು. ಎಡಗಾಲು ಎಳೆದುಕೊಂಡು ಒಂದೊಂದೇ ಹತ್ತಿದರು. ನಾನು ಹಿಂದೆ, ಡ್ರೈವರ್ ಮುಂದೆ. ಹದಿನಾಲ್ಕಾಯಿತು. ಒಂದು ಜಾಸ್ತಿಯೇ. ಅಲ್ಲಿ ಗೋಡೆಗೆ ಒರಗಿ, "ಹೂಂ, ಈಗ ಎತ್ತು" ಎಂದರು.

ಬೆನ್ನ ಮೇಲೆ ಹೊತ್ತೆ. ಇಷ್ಟು ಇಳಿದಿದ್ದಾರೆ, ಹತ್ತಿಯ ಹಾಗಿರುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಎರಡನೇ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಕಿವಿಯ ಹತ್ತಿರ ಅತ್ತೆ, "ಗೋಡೆಗೆ ತಗುಲಿಸಬೇಡ. ನಾನು ಫ್ರಿಜ್ಜಲ್ಲ" ಎಂದರು. ಡ್ರೈವರ್ ನಕ್ಕು ನಕ್ಕು ಮೆಟ್ಟಿಲ ಮೇಲೇ ಕೂತುಬಿಟ್ಟ.

ಮಾರ್ಚ್ 29, ಶನಿವಾರ

ಬರೆಯಲು ಪುರುಸೊತ್ತೇ ಇಲ್ಲ. ಅತ್ತೆಗೆ ದಿಂಬು ಎತ್ತರ, ನೀರು ಬಿಸಿ, ಕಿಟಕಿಯಿಂದ ಗಾಳಿ ಜಾಸ್ತಿ, ಕಿಟಕಿ ಮುಚ್ಚಿದರೆ ಸೆಖೆ. ನಾನು ಪಾತ್ರೆ ಇಟ್ಟಿರುವ ಜಾಗ ಸರಿಯಿಲ್ಲವಂತೆ. ಆರು ತಿಂಗಳಿಂದ ಆ ಪಾತ್ರೆ ಅಲ್ಲೇ ಇದೆ. ನಿನ್ನೆ ಒಬ್ಬರಿಗೊಬ್ಬರು ಕೂಗಾಡಿದೆವು. ಅವರು ಅರ್ಧ ಬಾಯಲ್ಲಿ, ನಾನು ಪೂರ್ತಿ ಬಾಯಲ್ಲಿ. ಆದರೂ ಅವರೇ ಗೆದ್ದರು.

ಅವರ ಮಗನ ಕುರ್ಚಿಯಲ್ಲಿ ಕೂರುವುದಿಲ್ಲ ಎಂದರು. ನಾನೂ ಕೂರುವುದಿಲ್ಲ. ಅದರ ಮೇಲೆ ಒಗೆದ ಬಟ್ಟೆ ಹಾಕಿದ್ದೇವೆ.

ಸೋಮವಾರದಿಂದ ಕೆಲಸಕ್ಕೆ ಹೋಗಲೇಬೇಕು. ಏನು ಮಾಡುವುದೋ.

ಏಪ್ರಿಲ್ 2, ಬುಧವಾರ

ಉಪಾಯ ಡ್ರೈವರ್‌ನದು. ಲಾರಿಯ ಮುಂದಿನ ಸೀಟು ಹೇಗೂ ಖಾಲಿ. "ಅಮ್ಮನ್ನ ಅಲ್ಲೇ ಕೂರಿಸೋಣ ಅಕ್ಕಾ. ನಾನು ಹೇಗೂ ಅಲ್ಲೇ ಇರ್ತೀನಲ್ಲ" ಎಂದ. ಮೂರು ದಿನದಿಂದ ಅತ್ತೆ ನಮ್ಮ ಜೊತೆ ಕೆಲಸಕ್ಕೆ ಬರುತ್ತಿದ್ದಾರೆ. ದಿಂಬು, ನೀರಿನ ಬಾಟಲಿ, ಮಾತ್ರೆ ಪೊಟ್ಟಣ. ಬೆಳಿಗ್ಗೆ ಇಳಿಯುವಾಗ ಒಂದಿಷ್ಟು ಮೆಟ್ಟಿಲು ತಾವೇ ಇಳಿಯುತ್ತಾರೆ, ಸಂಜೆ ಒಂದಿಷ್ಟು ತಾವೇ ಹತ್ತುತ್ತಾರೆ. ಇವತ್ತು ಹತ್ತೊಂಬತ್ತು.

ಒಂದು ಮನೆಯವರು ದೊಡ್ಡ ಕನ್ನಡಿ ಬೀರು ಕೊಟ್ಟು, ಒಡೆದೀತು ಎಂದು ಹತ್ತು ಸಲ ಹೇಳಿದರು. ಅತ್ತೆ ಕಿಟಕಿಯಿಂದ ಕೈ ಹೊರಗೆ ಹಾಕಿ, ನಾನು ಹಗ್ಗ ಬಿಗಿಯುವುದನ್ನು ನೋಡಿ, ಆ ಕಡೆಯಿಂದ ಈ ಕಡೆಗೆ, ಕೆಳಗಿಂದ, ಹಾಗಲ್ಲ, ಹೀಗೆ, ಎಂದು ಒಂದೇ ಸಮನೆ ಹೇಳುತ್ತಿದ್ದರು. ಮನೆಯೊಡತಿ ಕೇಳಿದರು, "ಯಾರು ಅವರು?"

"ನಮ್ಮ ಮೇಸ್ತ್ರಿ" ಎಂದ ಡ್ರೈವರ್.

ಮನೆಯೊಡತಿ ಹೋಗಿ ಅತ್ತೆಗೆ ಟೀ ತಂದುಕೊಟ್ಟರು. ನಮಗೆ ಕೊಡಲಿಲ್ಲ.

ಏಪ್ರಿಲ್ 6, ಭಾನುವಾರ

ಇವತ್ತಿನದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ. ಆದದ್ದು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಒಲೆಯ ಮೇಲೆ ಅಡುಗೆ ಇಟ್ಟಿದ್ದೆ. ಅತ್ತೆಯ ತಲೆ ಬಾಚುತ್ತಿದ್ದೆ. ಕೂದಲು ಸಿಕ್ಕಾಗಿತ್ತು, ಮೆಲ್ಲಗೆ ಬಿಡಿಸುತ್ತಿದ್ದೆ. ಅವರ ಬೆನ್ನು ನನ್ನ ಕಡೆ. ಆ ಕಡೆ ಮುಖ ಮಾಡಿಕೊಂಡೇ ಅತ್ತೆ ಹೇಳಿದರು.

"ನೀನು ಸಡಿಲು ಬಿಡಲಿಲ್ಲ ಅಂತ ನಂಗೆ ಸಿಟ್ಟಿಲ್ಲ."

ನಾನು ಬಾಚುತ್ತಲೇ ಇದ್ದೆ.

"ನಾನೂ ಒಂದು ಸಲ ಬಿಟ್ಟಿರಲಿಲ್ಲ. ನೀರಿನ ಪೆಟ್ಟಿಗೆ."

ನೀರಿನ ಪೆಟ್ಟಿಗೆ ನಮ್ಮ ಕೊನೆಯ ದೊಡ್ಡ ಆಟ. ಮುಂದೆ ಗಾಜು, ಉಳಿದದ್ದು ತಗಡು, ತಲೆ ಮುಳುಗುವಷ್ಟು ನೀರು. ಕೈಕಾಲು ಕಟ್ಟಿದ ನನ್ನನ್ನು ಒಳಗಿಳಿಸಿ ಮುಚ್ಚಳ ಹಾಕುತ್ತಿದ್ದರು. ಎರಡು ನಿಮಿಷಕ್ಕೆ ನಾನು ಹೊರಗೆ. ಹನ್ನೊಂದು ವರ್ಷದ ಹಿಂದೆ ಒಂದು ಸಲ ಹೊರಗೆ ಬರಲಿಲ್ಲ. ನನ್ನ ಗಂಡ ಕೊಡಲಿಯಿಂದ ಗಾಜು ಒಡೆದು ನನ್ನನ್ನು ಎಳೆದುಕೊಂಡರು. ಎರಡು ದಿನ ನೀರು ಕೆಮ್ಮಿದೆ. ಹಗ್ಗ ನೆನೆದು ಬಿಗಿದುಕೊಂಡಿತು ಎಂದು ಎಲ್ಲರೂ ಹೇಳಿದರು. ನಾನೂ ಹಾಗೆಂದೇ ಹೇಳಿಕೊಂಡು ಬಂದಿದ್ದೇನೆ. ಆಮೇಲೆ ಆ ಆಟ ಬಿಟ್ಟೆವು.

"ಆ ವಾರ ಹೊಸ ಪೋಸ್ಟರ್ ಬಂದಿತ್ತು. ನಿನ್ನ ಚಿತ್ರ ಒಂದೇ ಇತ್ತು" ಎಂದರು ಅತ್ತೆ. "ನನ್ನ ಮಗನೇ ಮಾಡಿಸಿದ್ದ. ನನಗೆ ಹೇಳಿರಲಿಲ್ಲ. ಕಟ್ಟುವಾಗ ಬೆರಳು ಒಳಗಿಡಲಿಲ್ಲ. ಒಂದು ಕ್ಷಣ ಅಷ್ಟೇ. ಮುಚ್ಚಳ ಹಾಕಿದ ಮೇಲೆ ಬಾಯಿ ತೆಗೆದು ಹೇಳೋಣ ಅಂದ್ರೆ ನಾಲಿಗೆ ಹೊರಳಲಿಲ್ಲ."

ಒಲೆಯ ಮೇಲೆ ಏನೋ ಉಕ್ಕುವ ಸದ್ದು. ಹೋಗಿ ಉರಿ ಸಣ್ಣ ಮಾಡಿ ಬಂದೆ. ಮತ್ತೆ ಬಾಚಣಿಗೆ ತೆಗೆದುಕೊಂಡೆ.

"ಗೊತ್ತಿತ್ತು ಬಿಡಿ ಅತ್ತೆ" ಎಂದೆ.

"ಗೊತ್ತಿತ್ತಾ?"

"ಅವತ್ತೇ ಗೊತ್ತಾಗಿತ್ತು."

ನನಗೆ ಗೊತ್ತಿರಲಿಲ್ಲ.

ಅತ್ತೆಯ ಹೆಗಲು ಇಳಿಯಿತು. ಜಡೆ ಹಾಕಿ ಮುಗಿಸಿದೆ. ಉಪ್ಪು ಮುಗಿದಿದೆ, ಕೆಳಗಿನ ಮನೆಯಲ್ಲಿ ಕೇಳಿ ತರುತ್ತೇನೆ ಎಂದು ಹೊರಗೆ ಬಂದೆ.

ಎರಡನೇ ಮಹಡಿಯ ತಿರುವಿನಲ್ಲಿ ಮೆಟ್ಟಿಲ ಮೇಲೆ ಕೂತೆ. ಸಿಟ್ಟು ಬಂತು. ಎಂಥ ಸಿಟ್ಟು ಎಂದರೆ, ಮೇಲೆ ಹೋಗಿ ಆ ಮುದುಕಿಯನ್ನು ದರದರ ಎಳೆದು ತಂದು ಹೋಮ್‌ನಲ್ಲಿ ಬಿಟ್ಟುಬರಬೇಕು ಅನ್ನಿಸಿತು. ಹನ್ನೊಂದು ವರ್ಷ! ಹನ್ನೊಂದು ವರ್ಷ ಅವರ ಕೈಗೆ ಹಗ್ಗ ಸುತ್ತಿ ಕೊಟ್ಟು ನಮಸ್ಕಾರ ಮಾಡಿದ್ದೇನೆ. ತಡಿ, ಬರಲಿ ಇವರು, ಹೇಳ್ತೀನಿ, ನಿಮ್ಮ ತಾಯಿ ಏನು ಮಾಡಿದರು ಗೊತ್ತಾ ಅಂತ ಕೇಳ್ತೀನಿ, ಎಂದುಕೊಂಡೆ. ಸಂಜೆ ಬಂದಾಗ ಹೇಳುವುದು ಎಂದು ಮಾತನ್ನೂ ಜೋಡಿಸಿದೆ. ಅರ್ಧಕ್ಕೆ ನಿಂತಿತು.

ಕೊಡಲಿ ಎತ್ತಿಕೊಂಡು ಓಡಿ ಬಂದವರು ಅವರು. ಗಂಟು ಕತ್ತರಿಸಿದವರೂ ಅವರೇ. ಅದನ್ನು ನೋಡಿದವರಿಗೆ ಗೊತ್ತಾಗದೆ ಇರುತ್ತದೆಯೇ? ಹಗ್ಗ ನೆನೆದು ಬಿಗಿದುಕೊಂಡಿತು ಎಂದು ಮೊದಲು ಹೇಳಿದ್ದು ಯಾರು ಎಂದು ನೆನಪು ಮಾಡಿಕೊಂಡೆ. ಅವರೇ.

ಎಷ್ಟು ಹೊತ್ತು ಕೂತಿದ್ದೆನೋ. ಕೆಳಗಿನ ಮನೆಯ ಬಾಗಿಲು ತೆರೆಯಿತು. ಆ ಮನೆಯಾಕೆ ಹೊರಗೆ ಬಂದು, "ಏನಾಯ್ತು? ಯಾಕೆ ಹೀಗೆ ಅಳ್ತಿದೀರ? ನಿಮ್ಮತ್ತೆಗೇನಾದರೂ ಆಯ್ತಾ?" ಎಂದರು.

"ಇಲ್ಲ, ಅಳ್ತಾ ಇಲ್ಲ" ಎಂದೆ.

ಅವರು ಒಳಗೆ ಹೋಗಿ ಒಂದು ಟವೆಲ್ ತಂದುಕೊಟ್ಟರು. ಕೈಗೆ ಸಣ್ಣದು ಸಿಗಲಿಲ್ಲವೇನೋ, ಸ್ನಾನದ ಟವೆಲ್ಲು. ಪಕ್ಕದಲ್ಲೇ ಕೂತರು. ಬೇರೇನೂ ಕೇಳಲಿಲ್ಲ.

ಮೇಲೆ ಬಂದಾಗ ಅತ್ತೆ ಬಾಗಿಲ ಕಡೆಗೇ ನೋಡುತ್ತ ಕೂತಿದ್ದರು.

"ಎಲ್ಲಿ ಹೋಗಿದ್ದೆ ಇಷ್ಟು ಹೊತ್ತು?"

"ಉಪ್ಪು ಕೇಳೋಕೆ."

ಅತ್ತೆ ನನ್ನ ಹೆಗಲ ಮೇಲಿದ್ದ ಟವೆಲ್ಲನ್ನು ನೋಡಿದರು. "ಉಪ್ಪು ಕೇಳಿದ್ದಕ್ಕೆ ಟವೆಲ್ ಕೊಟ್ಟರಾ?"

"ಹೂಂ. ಅವರ ಮನೇಲೂ ಮುಗಿದಿದೆಯಂತೆ."

ಅತ್ತೆಯ ಅರ್ಧ ಮುಖ ನಕ್ಕಿತು. ಆಮೇಲೆ ಉಸಿರು ಸಿಕ್ಕಿಹಾಕಿಕೊಳ್ಳುವಷ್ಟು ನಕ್ಕರು. ನೀರು ಕುಡಿಸಬೇಕಾಯಿತು. ಕುಡಿಸುವಾಗ ನನಗೂ ನಗು ಬಂದು ಅವರ ಮಡಿಲ ಮೇಲೆಲ್ಲ ನೀರು ಚೆಲ್ಲಿದೆ. "ಕೈ ಗಟ್ಟಿ ಇಟ್ಟುಕೊಳ್ಳೇ" ಎಂದು ಬೈದರು. ಆ ಟವೆಲ್ಲಿನಲ್ಲೇ ಒರೆಸಿದೆ.

ಅಡುಗೆಗೆ ಉಪ್ಪು ಹಾಕುವುದನ್ನು ಮರೆತೇಬಿಟ್ಟಿದ್ದೆ. ಡಬ್ಬಿ ತುಂಬ ಉಪ್ಪಿತ್ತು. ಅತ್ತೆ ಮೊದಲ ತುತ್ತಿಗೇ ಮುಖ ಕಿವುಚಿದರು.

ನಿಜವಾಗಿಯೂ ಬಹಳ ಸಪ್ಪೆಯಾಗಿತ್ತು.